ಶವಾಸನದಲ್ಲಿ ಕಣ್ಣು ಮುಚ್ಚಲೇಬೇಕೆ? ಮಾಜಿ ಸೈನಿಕರು, ಪೌರಕಾರ್ಮಿಕರು ಮತ್ತು ಯೋಗ

ಮನಸ್ಸಿಗೆ ಪೆಟ್ಟು ಬಿದ್ದವರು, ಮೈಮುರಿದು ದುಡಿಯುವವರು ಯೋಗ ಮಾಡುವ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಉತ್ತರ. ಯೋಗ ಚಿಕಿತ್ಸಕರು, ಮನೋವೈದ್ಯರು ಮತ್ತು ಫಿಸಿಯೋಥೆರಪಿಸ್ಟ್‌ಗಳು ಕೂಡಿ ಬರೆದಿದ್ದಾರೆ. ಕೇಳಿದವರ ಊರು ಮಾತ್ರ ಕೊಟ್ಟಿದ್ದೇವೆ.

ನಮ್ಮ ಯಜಮಾನರು ಸೇನೆಯಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು. ರಾತ್ರಿ ಎರಡು ಮೂರು ಸಲ ಬೆಚ್ಚಿ ಏಳುತ್ತಾರೆ. ತೋಟಕ್ಕೆ ನುಗ್ಗಿದ ಆನೆ ಓಡಿಸಲು ಯಾರಾದರೂ ಪಟಾಕಿ ಹೊಡೆದರೆ ಮೈಯೆಲ್ಲ ಬೆವರುತ್ತದೆ. ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಕಡೆಗೆ ಹೋಗುವುದನ್ನೇ ಬಿಟ್ಟಿದ್ದಾರೆ. ವೈದ್ಯರು ಮಾತ್ರೆ ಕೊಟ್ಟು, ಯೋಗವೂ ಮಾಡಲಿ ಎಂದರು. ತರಗತಿಯಲ್ಲಿ ಆಸನಗಳನ್ನೆಲ್ಲ ಚೆನ್ನಾಗಿಯೇ ಮಾಡುತ್ತಾರೆ. ಕೊನೆಗೆ ದೀಪ ಆರಿಸಿ ಶವಾಸನ ಮಾಡಿಸುವಾಗ ಎದ್ದು ಹೊರಗೆ ಬಂದುಬಿಡುತ್ತಾರೆ. ಅವರಿಗೆ ಯೋಗ ಆಗಿಬರುವುದಿಲ್ಲವೇ? – ಸೋಮವಾರಪೇಟೆ

ಖಂಡಿತ ಆಗಿಬರುತ್ತದೆ. ಅವರಿಗೆ ಒಗ್ಗದಿರುವುದು ಆ ಕೊನೆಯ ಹತ್ತು ನಿಮಿಷ ಮಾತ್ರ, ಅದನ್ನು ಬದಲಿಸಿಕೊಳ್ಳಬಹುದು.

ಅಪಾಯದ ಜಾಗದಲ್ಲಿ ವರ್ಷಗಟ್ಟಲೆ ಕಾವಲಿದ್ದ ಮೈ, ಊರಿಗೆ ಬಂದ ಮೇಲೂ ಕಾವಲು ಇಳಿಸುವುದಿಲ್ಲ. ಕತ್ತಲೆ, ಮುಚ್ಚಿದ ಕಣ್ಣು, ಅಂಗಾತ ಮಲಗಿ ತೆರೆದುಕೊಂಡ ಹೊಟ್ಟೆ ಎದೆ, ತಲೆಯ ಹಿಂದೆ ಓಡಾಡುವ ಹೆಜ್ಜೆ ಸಪ್ಪಳ. ಉಳಿದವರಿಗೆ ವಿಶ್ರಾಂತಿ ಕೊಡುವ ಈ ನಾಲ್ಕೂ ಸಂಗತಿ ಅವರ ಮೈಗೆ ಅಪಾಯದ ಸೂಚನೆಯಾಗಿ ಕಾಣುತ್ತವೆ. ಎದ್ದು ಹೊರಬಂದದ್ದು ಅಶಿಸ್ತೂ ಅಲ್ಲ, ಹೇಡಿತನವೂ ಅಲ್ಲ. ಗುರುಗಳು ಅದಕ್ಕಾಗಿ ಎಲ್ಲರೆದುರು ಏನಾದರೂ ಅಂದಿದ್ದರೆ ಅದು ತಪ್ಪು, ನೀವೇ ಹೋಗಿ ಅವರಿಗೆ ವಿಷಯ ತಿಳಿಸಿ.

ಚಾಪೆಯನ್ನು ಗೋಡೆ ಪಕ್ಕ, ಬಾಗಿಲು ಕಾಣುವಂತೆ ಹಾಸಿಕೊಳ್ಳಲಿ. ದೀಪ ಉರಿಯುತ್ತಿರಲಿ. ಅಂಗಾತ ಮಲಗುವ ಬದಲು ಗೋಡೆಗೆ ಬೆನ್ನು ಕೊಟ್ಟು ಬಲ ಮಗ್ಗುಲಾಗಿ ಮಲಗಬಹುದು, ಇಲ್ಲವೇ ಕುರ್ಚಿಯಲ್ಲೇ ಕೂರಬಹುದು. ಕಣ್ಣು ತೆರೆದು, ನಾಲ್ಕೈದು ಅಡಿ ದೂರದಲ್ಲಿ ನೆಲದ ಒಂದು ಜಾಗವನ್ನು ಸುಮ್ಮನೆ ನೋಡುತ್ತಿದ್ದರೆ ಸಾಕು. ಮೊದಲ ವಾರ 2 ನಿಮಿಷಕ್ಕಿಂತ ಹೆಚ್ಚು ಬೇಡ. ತರಗತಿಯಲ್ಲಿ ಯಾರೂ ಅವರನ್ನು ಹಿಂದಿನಿಂದ ಮುಟ್ಟಬಾರದು. ಭಂಗಿ ತಿದ್ದುವುದಿದ್ದರೆ ಎದುರು ನಿಂತು ಬಾಯಲ್ಲಿ ಹೇಳಬೇಕು.

ಮನೆಯಲ್ಲಿ ದಿನಕ್ಕೆ 15–20 ನಿಮಿಷ ಸಾಕು. ಮೊದಲು ಕುರ್ಚಿಯಲ್ಲಿ ಕೂತು ಎರಡೂ ಪಾದ ನೆಲಕ್ಕೆ ಒತ್ತಿ, ಕೋಣೆಯಲ್ಲಿ ಕಾಣುವ ಐದು ವಸ್ತುಗಳ ಹೆಸರು ಮನಸ್ಸಿನಲ್ಲೇ ಹೇಳಿಕೊಳ್ಳಲಿ. ಆಮೇಲೆ ಉಸಿರೆಳೆಯುತ್ತ ಭುಜ ಮೇಲೆ, ಬಿಡುತ್ತ ಕೆಳಗೆ, 6 ಸಲ. ಗೋಡೆ ಬೆನ್ನಿಗಿರುವಂತೆ ನಿಂತು ತಾಡಾಸನದಲ್ಲಿ (ನೆಟ್ಟಗೆ ನಿಲ್ಲುವ ಆಸನ) ಕೈ ಎತ್ತಿ ಇಳಿಸುವುದು 6 ಸಲ. ವೀರಭದ್ರಾಸನ (ಒಂದು ಕಾಲು ಮುಂದಿಟ್ಟು ಆ ಮಂಡಿ ಮಡಿಸಿ ನಿಲ್ಲುವುದು), ಹೆಜ್ಜೆ ತುಸು ಚಿಕ್ಕದಾಗಿ, ಒಂದೊಂದು ಕಡೆ 3 ಉಸಿರು. ಕಾಲು ಗಟ್ಟಿಯಾಗಿ ಊರಿ ನಿಲ್ಲುವ ಇಂಥ ಆಸನಗಳಲ್ಲಿ ಅವರಿಗೆ ಮೈ ತನ್ನ ಹಿಡಿತದಲ್ಲಿದೆ ಎನಿಸುತ್ತದೆ, ಹಾಗಾಗಿ ಮಲಗುವ ಆಸನಗಳಿಗಿಂತ ಮೊದಲು ಇವೇ ಇರಲಿ. ನಂತರ ಮಾರ್ಜಾಲಾಸನ, ಅಂದರೆ ಅಂಗೈ ಮಂಡಿ ಊರಿ ಬೆನ್ನು ಬಗ್ಗಿಸಿ ಎತ್ತುವುದು, 8 ಸಲ. ಮಂಡಿ ನೋವಿದ್ದರೆ ನಿಂತೇ ಮೇಜಿನ ಮೇಲೆ ಅಂಗೈ ಊರಿ ಬೆನ್ನು ಬಗ್ಗಿಸಿ ಎತ್ತಬಹುದು.

ಕೊನೆಗೆ ಉಸಿರು. ಮೂಗಿನಲ್ಲೇ, ಮನಸ್ಸಿನಲ್ಲಿ 4 ಎಣಿಸುವಷ್ಟು ಒಳಗೆ, 6 ಎಣಿಸುವಷ್ಟು ಹೊರಗೆ. ಎಣಿಕೆ ಸೆಕೆಂಡಿಗೊಂದರಂತಿದ್ದರೆ ನಿಮಿಷಕ್ಕೆ 6 ಉಸಿರಾಗುತ್ತದೆ. ಉಸಿರು ಬಿಡುವಾಗ ಹೃದಯ ಬಡಿತ ಸಹಜವಾಗಿಯೇ ಇಳಿಯುವುದರಿಂದ ಹೊರಗಿನ ಉಸಿರು ಉದ್ದವಿರಬೇಕು. 2 ನಿಮಿಷದಿಂದ ಶುರುಮಾಡಿ ಎರಡು ವಾರದಲ್ಲಿ 5 ನಿಮಿಷಕ್ಕೆ ತಲುಪಲಿ. ಇಲ್ಲಿ ಹೆಚ್ಚಿನವರು ಎಡವುವುದು ಎದೆ ತುಂಬ ಗಾಳಿ ಎಳೆದುಕೊಳ್ಳುವುದರಲ್ಲಿ. ಹಾಗೆ ಎಳೆದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಬೆರಳು ಜುಮ್ಮೆನ್ನುತ್ತದೆ, ತಲೆ ಹಗುರಾಗುತ್ತದೆ, ಮೈ ಅದನ್ನೇ ಗಾಬರಿ ಎಂದುಕೊಳ್ಳುತ್ತದೆ. ಹಾಗಾದರೆ ಎಣಿಕೆ ಬಿಟ್ಟು, ಪಕ್ಕದವರಿಗೂ ಕೇಳದಷ್ಟು ಮೆಲ್ಲಗೆ ಉಸಿರಾಡಲಿ. ಉಸಿರು ಕಟ್ಟಿ ಹಿಡಿಯುವ ಕುಂಭಕ, ರಭಸದಿಂದ ಉಸಿರಾಡುವ ಕಪಾಲಭಾತಿ, ಭಸ್ತ್ರಿಕಾ ಸದ್ಯಕ್ಕೆ ಬೇಡವೇ ಬೇಡ. ಮೊದಲೇ ಕೆರಳಿರುವ ನರಮಂಡಲವನ್ನು ಅವು ಇನ್ನಷ್ಟು ಕೆರಳಿಸುತ್ತವೆ.

ಮಾತ್ರೆ ನಿಲ್ಲಿಸಬೇಡಿ. ಕೆಟ್ಟ ಕನಸಿಗೆಂದು ಪ್ರಾಜೋಸಿನ್ ಕೊಟ್ಟಿದ್ದರೆ ಅದು ರಕ್ತದೊತ್ತಡ ಇಳಿಸುತ್ತದೆ. ಮಲಗಿದ್ದವರು ತಟ್ಟನೆ ಎದ್ದರೆ ಕಣ್ಣು ಕತ್ತಲೆ ಬಂದು ಬೀಳಬಹುದು. ಮಗ್ಗುಲಾಗಿ, ಕೂತು, ಒಂದು ನಿಮಿಷ ತಡೆದು ಏಳಲಿ. ಮಧ್ಯಾಹ್ನ ಎರಡರ ಮೇಲೆ ಕಾಫಿ ಬೇಡ ಎಂದರೆ ಕೊಡಗಿನವರಿಗೆ ಕಷ್ಟವೇ, ಆದರೆ ಕುಡಿದ ಕೆಫೀನ್ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಹಿಡಿಯುತ್ತದೆ. ನಿದ್ದೆಗೆಂದು ರಮ್ ಕುಡಿಯುವ ಅಭ್ಯಾಸವಿದ್ದರೆ ಅದನ್ನು ವೈದ್ಯರಿಗೆ ಮುಚ್ಚಿಡಬೇಡಿ. ಕುಡಿದರೆ ನಿದ್ದೆ ಬೇಗ ಹತ್ತುತ್ತದೆ, ನಡುರಾತ್ರಿಯ ನಂತರ ಒಡೆದು ಚೂರಾಗುತ್ತದೆ. ದಿನಾ ಹೆಚ್ಚು ಕುಡಿಯುತ್ತಿದ್ದವರು ಒಮ್ಮೆಲೇ ಬಿಟ್ಟರೆ ನಡುಕ, ಫಿಟ್ಸ್ ಬರಬಹುದು; ಬಿಡಿಸುವುದು ಆಸ್ಪತ್ರೆಯ ಕೆಲಸ, ಯೋಗ ತರಗತಿಯದಲ್ಲ.

ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಪಾಲಿಕ್ಲಿನಿಕ್‌ನಿಂದ ಮನೋವೈದ್ಯರಿಗೆ ಬರೆಸಿಕೊಳ್ಳಬಹುದು. ಫೋನಿನಲ್ಲಿ ಮಾತಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಸೈನಿಕರಿಗೂ ಅವರ ಕುಟುಂಬದವರಿಗೂ ಎಂದೇ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ 2023ರಲ್ಲಿ ಅದರ ಪ್ರತ್ಯೇಕ ಘಟಕ ಶುರುವಾಗಿದೆ. ಸಾಯುವ ಮಾತು ಬಂದರೆ ಕಾಯಬೇಡಿ, ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಿರಿ, ಮನೆಯಲ್ಲಿ ಕೋವಿಯಿದ್ದರೆ ಬೇರೆ ಕಡೆ ಇಡಿಸಿ.

ನಮ್ಮ ಊರಿನಲ್ಲಿ ಮಾಜಿ ಸೈನಿಕರು ಬಹಳ ಜನ. ಅವರಿಗೆಂದೇ ವಾರಕ್ಕೆರಡು ದಿನ ತರಗತಿ ಮಾಡಬೇಕೆಂದಿದ್ದೇನೆ. ನಾನು ಯೋಗ ಶಿಕ್ಷಕ, ಸೇನೆಯ ಅನುಭವವಿಲ್ಲ. ಏನು ಗಮನಿಸಬೇಕು? – ಬೈಲಹೊಂಗಲ

ಹತ್ತು ಜನಕ್ಕಿಂತ ಹೆಚ್ಚು ಸೇರಿಸಬೇಡಿ. ಒಬ್ಬರ ಮುಖ ಬದಲಾದರೆ ನಿಮಗೆ ಕಾಣಬೇಕು. ಬಾಗಿಲಿಗೆ ಚಿಲಕ ಹಾಕಬೇಡಿ. ಇವತ್ತು ಏನೇನು ಮಾಡುತ್ತೇವೆ, ಎಷ್ಟು ಹೊತ್ತು, ಯಾವಾಗ ಮುಗಿಯುತ್ತದೆ ಎಂದು ಮೊದಲೇ ಹೇಳಿ, ಹೇಳಿದ ಹೊತ್ತಿಗೆ ಮುಗಿಸಿ.

ಆಜ್ಞೆ ಪಾಲಿಸುವುದು ಇವರಿಗೆ ರಕ್ತಗತ. ‘ಸಾವಧಾನ್’ ಎಂದಂತೆ ನೀವು ಹೇಳಿದರೆ ಹಲ್ಲು ಕಚ್ಚಿಯಾದರೂ ಮಾಡಿಬಿಡುತ್ತಾರೆ. ತೊಂದರೆ ಇರುವುದು ಅಲ್ಲೇ. ವರ್ಷಗಟ್ಟಲೆ ಭಾರ ಹೊತ್ತು ಸವೆದ ಮಂಡಿ, ನಡು ಇದ್ದರೂ ‘ಆಗುವುದಿಲ್ಲ’ ಎನ್ನಲು ಅವರಿಗೆ ನಾಚಿಕೆ. ಆದ್ದರಿಂದ ಪ್ರತಿ ಆಸನಕ್ಕೂ ಎರಡು ಬಗೆ ತೋರಿಸಿ: ‘ಕೈ ಭುಜದ ಮಟ್ಟಕ್ಕೆ ಎತ್ತಬಹುದು, ಬೇಕಿದ್ದವರು ತಲೆಯ ಮೇಲಕ್ಕೂ ಎತ್ತಬಹುದು.’ ಸುಲಭದ್ದನ್ನು ಮೊದಲು ಹೇಳಿ, ನೀವೂ ಅದನ್ನೇ ಮಾಡಿ ನಿಲ್ಲಿ. ಆಯ್ಕೆ ತನ್ನದು ಎಂಬ ಅನುಭವವೇ ಇಲ್ಲಿ ಮದ್ದು, ಆಸನ ಅದಕ್ಕೊಂದು ನೆಪ ಎಂದರೂ ತಪ್ಪಾಗದು. ಅಮೆರಿಕದ ಬಾಸ್ಟನ್ ಬಳಿ ಬೆಸೆಲ್ ವಾನ್ ಡರ್ ಕೋಲ್ಕ್ ಎಂಬ ಮನೋವೈದ್ಯರ ತಂಡ ಈ ಬಗೆಯ ತರಗತಿಯನ್ನೇ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿತು. ಬೇರೆ ಚಿಕಿತ್ಸೆಗೆ ಜಗ್ಗದ ಪಿಟಿಎಸ್‌ಡಿ (ಆಘಾತದ ನಂತರ ಉಳಿಯುವ ಮಾನಸಿಕ ಕಾಯಿಲೆ) ಇದ್ದ 64 ಮಹಿಳೆಯರು ಅದರಲ್ಲಿದ್ದರು. 10 ವಾರದ ನಂತರ ಯೋಗ ಗುಂಪಿನ ಶೇ. 52ರಷ್ಟು ಮಂದಿಯಲ್ಲಿ ಕಾಯಿಲೆಯ ಲಕ್ಷಣಗಳು ರೋಗವೆನ್ನುವ ಮಟ್ಟಕ್ಕಿಂತ ಕೆಳಗಿಳಿದಿದ್ದವು. ಆರೋಗ್ಯ ಮಾಹಿತಿಯ ತರಗತಿಗೆ ಹೋದವರಲ್ಲಿ ಶೇ. 21. ಅವರು ಸೈನಿಕರಲ್ಲ, ಗುಂಪೂ ಚಿಕ್ಕದು, ಇದನ್ನು ಮರೆಯದಿರಿ. ಸೈನಿಕರ ಬೆನ್ನುನೋವಿನ ಬಗ್ಗೆ ಸ್ಯಾನ್ ಡಿಯಾಗೊದ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ 150 ಜನರ ಅಧ್ಯಯನ ನಡೆದಿದೆ: ವಾರಕ್ಕೆ 2 ತರಗತಿ, ತಲಾ ಒಂದು ಗಂಟೆ, 12 ವಾರ. ಆರು ತಿಂಗಳಿಗೆ ನೋಡಿದಾಗ ದಿನದ ಕೆಲಸಕ್ಕಿದ್ದ ಅಡಚಣೆ ಯೋಗ ಮಾಡದವರಿಗಿಂತ ಯೋಗ ಮಾಡಿದವರಲ್ಲಿ ಹೆಚ್ಚು ಇಳಿದಿತ್ತು. ನಿಮ್ಮ ವಾರಕ್ಕೆರಡು ದಿನದ ಲೆಕ್ಕ ಸರಿಯಾಗಿಯೇ ಇದೆ. ಬೆನ್ನುನೋವಿಗೆಂದು ಕರೆಯಿರಿ, ಬರುತ್ತಾರೆ. ‘ಮಾನಸಿಕ ಒತ್ತಡಕ್ಕೆ ಯೋಗ’ ಎಂದು ಫಲಕ ಹಾಕಿದರೆ ನಿಜವಾಗಿ ಬೇಕಿದ್ದವರೇ ಬರುವುದಿಲ್ಲ.

ಯಾರಾದರೂ ತರಗತಿಯ ನಡುವೆ ಶೂನ್ಯಕ್ಕೆ ನೋಡುತ್ತ ನಡುಗತೊಡಗಿದರೆ ಮುಟ್ಟಬೇಡಿ. ಎದುರಿಗೆ, ಎರಡು ತೋಳು ದೂರದಲ್ಲಿ ಕೂತು ಅವರ ಹೆಸರು ಕರೆಯಿರಿ. ‘ನೀವು ಬೈಲಹೊಂಗಲದಲ್ಲಿದ್ದೀರಿ, ಇವತ್ತು ಗುರುವಾರ, ನಾನು ನಿಮ್ಮ ಯೋಗ ಶಿಕ್ಷಕ’ ಎಂದು ಮೆಲುದನಿಯಲ್ಲಿ ಹೇಳಿ. ಕಣ್ಣು ತೆರೆದಿಡಲು, ಹಿಮ್ಮಡಿಯನ್ನು ನೆಲಕ್ಕೊತ್ತಲು ಹೇಳಿ. ತಣ್ಣೀರು ತುಂಬಿದ ಸ್ಟೀಲ್ ಲೋಟ ಕೈಗೆ ಕೊಡಿ. ಆ ತಂಪು ಅವರನ್ನು ಈ ಕೋಣೆಗೆ ಮರಳಿ ತರಲು ಮಾತಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಏನು ನೆನಪಾಯಿತು ಎಂದು ಮಾತ್ರ ಕೇಳಬೇಡಿ. ಕೇಳಿದರೆ ಗಾಯ ತೆರೆಯುತ್ತದೆ, ಮುಚ್ಚುವ ವಿದ್ಯೆ ನಿಮಗೆ ಕಲಿಸಿಲ್ಲ. ಮನೆಗೆ ಒಬ್ಬರನ್ನೇ ಕಳಿಸಬೇಡಿ. ಇಂಥ ಹೊತ್ತಿಗೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಸೇರುವ ದಿನವೇ ಪ್ರತಿಯೊಬ್ಬರಿಂದ ಬರೆಸಿಕೊಂಡಿರಿ.

ನೆಲಬಾಂಬ್ ಸ್ಫೋಟದಲ್ಲಿ ಎಡಗಾಲು ಮಂಡಿಯ ಕೆಳಗೆ ಹೋಗಿದೆ. ಕೃತಕ ಕಾಲು ಹಾಕಿಕೊಂಡು ಓಡಾಡುತ್ತೇನೆ. ಯಾವ ಆಸನ ಮಾಡಬಹುದು? – ಮುಧೋಳ

ನೀವು ದಿನಾ ಮಾಡಲೇಬೇಕಾದ ಒಂದು ಸರಳ ಆಸನವಿದೆ: ಬೋರಲಾಗಿ ಮಲಗುವುದು. ಮಕರಾಸನ ಎನ್ನಿ. ದಿನಕ್ಕೆ ಎರಡು ಸಲ, ತಲಾ 10–15 ನಿಮಿಷ, ಕೃತಕ ಕಾಲು ತೆಗೆದು, ಎರಡೂ ಸೊಂಟ ನೆಲಕ್ಕೆ ತಾಗಿ, ಮಂಡಿ ನೇರವಾಗಿ. ಹೆಚ್ಚು ಹೊತ್ತು ಕೂತೇ ಇರುವವರಿಗೆ ಸೊಂಟದ ಮುಂಭಾಗ ಮತ್ತು ಮಂಡಿಯ ಹಿಂಭಾಗದ ಸ್ನಾಯು ಗಿಡ್ಡವಾಗಿ, ಕಾಲು ನೆಟ್ಟಗಾಗದೆ, ಕೃತಕ ಕಾಲಿನ ನಡಿಗೆಯೇ ಕೆಡುತ್ತದೆ. ಅದೇ ಕಾರಣಕ್ಕೆ ರಾತ್ರಿ ಮಂಡಿಯ ಕೆಳಗೆ ದಿಂಬು ಇಟ್ಟುಕೊಳ್ಳಬಾರದು, ಎಷ್ಟೇ ಹಾಯೆನಿಸಿದರೂ. ಬೋರಲಾಗಿರುವಾಗಲೇ ಎದೆ ತುಸು ಎತ್ತಿ ಮೊಣಕೈ ಮೇಲೆ ನಿಂತರೆ ಭುಜಂಗಾಸನದ ಸುಲಭ ರೂಪವಾಯಿತು.

ನಿಂತು ಮಾಡುವವನ್ನು ಕೃತಕ ಕಾಲು ಹಾಕಿಕೊಂಡೇ, ಗೋಡೆ ಒಂದು ಕಡೆ, ಜಾರದ ಕುರ್ಚಿ ಇನ್ನೊಂದು ಕಡೆ ಇಟ್ಟುಕೊಂಡು ಮಾಡಿ. ಮಂಡಿ ಮಡಿಸಿ ಹಿಮ್ಮಡಿ ಮೇಲೆ ಕೂರುವ ವಜ್ರಾಸನ ಬೇಡ, ಕೃತಕ ಕಾಲಿನ ಸಾಕೆಟ್ಟಿನ (ಮೊಂಡುಗಾಲು ಕೂರುವ ಬಟ್ಟಲಿನ) ಅಂಚು ಮಂಡಿಯ ಹಿಂದೆ ಕೊರೆಯುತ್ತದೆ. ಮುಗಿದ ಮೇಲೆ ಚರ್ಮ ನೋಡಿಕೊಳ್ಳಿ. ಕೆಂಪಾದ ಜಾಗ 10 ನಿಮಿಷದಲ್ಲಿ ಮಾಮೂಲಿ ಬಣ್ಣಕ್ಕೆ ಬಾರದಿದ್ದರೆ, ಗುಳ್ಳೆ ಎದ್ದರೆ ಆ ದಿನ ಕೃತಕ ಕಾಲು ಹಾಕಬೇಡಿ, ಅಳತೆ ಸರಿಪಡಿಸಿಕೊಳ್ಳಿ. ಪುಣೆಯಲ್ಲಿ 1944ರಿಂದ ಇರುವ ಸೇನೆಯ ಕೃತಕ ಅವಯವ ಕೇಂದ್ರ ನಿಮಗೆ ಗೊತ್ತಿರುತ್ತದೆ.

ಇಲ್ಲದ ಪಾದ ನೋಯುತ್ತಿದ್ದರೆ, ಯೋಗನಿದ್ರೆಯಲ್ಲಿ (ಮಲಗಿ, ಶಿಕ್ಷಕರು ಹೆಸರಿಸಿದ ಒಂದೊಂದೇ ಅಂಗಕ್ಕೆ ಗಮನ ಕೊಡುವ ಅಭ್ಯಾಸ) ‘ಎಡ ಪಾದ’ ಎಂದಾಗ ಕೆಲವರಿಗೆ ನೋವು ಸಡಿಲವಾಗುತ್ತದೆ, ಕೆಲವರಿಗೆ ಏರುತ್ತದೆ. ಹೇಳಿಸಬೇಕೇ, ದಾಟಿಸಬೇಕೇ ಎಂಬುದನ್ನು ನೀವೇ ತೀರ್ಮಾನಿಸಿ ಶಿಕ್ಷಕರಿಗೆ ಮೊದಲೇ ತಿಳಿಸಿ.

ನಮ್ಮ ವಾರ್ಡಿನ ಪೌರಕಾರ್ಮಿಕ ಮಹಿಳೆಯರಿಗೆ ಉಚಿತ ಯೋಗ ತರಗತಿ ಇಟ್ಟೆವು. ಬೆಳಿಗ್ಗೆ 5ಕ್ಕೆ, ದೇವಸ್ಥಾನದ ಸಭಾಭವನದಲ್ಲಿ. ಮೊದಲ ದಿನ 30 ಜನ ಬಂದರು, ಎರಡನೇ ವಾರಕ್ಕೆ ನಾಲ್ಕೇ ಜನ. ಅವರಿಗೆ ಆಸಕ್ತಿ ಇಲ್ಲವೆಂದು ಬಿಡಬೇಕೇ? – ಹುಬ್ಬಳ್ಳಿ

ಆಸಕ್ತಿ ಇದ್ದುದಕ್ಕೇ 30 ಜನ ಬಂದದ್ದು. ಅಡ್ಡಿಯಾದದ್ದು ಹೊತ್ತು ಮತ್ತು ಜಾಗ. ಬೆಳಗಿನ ಪಾಳಿಗೆ ಹೊರಡುವ ಹೆಣ್ಣುಮಗಳು ನಸುಕಿನಲ್ಲೆದ್ದು ಮನೆಗೆಲಸ ಮುಗಿಸಬೇಕು. ಅದಕ್ಕೂ ಮೊದಲು ಎದ್ದು ಬಾ ಎಂದರೆ ನಾವು ಆಕೆಯ ನಿದ್ದೆ ಕದ್ದಂತೆ. ತರಗತಿ ಸಂಬಳದ ಹೊತ್ತಿನಲ್ಲೇ ಇರಬೇಕು, ಹಾಜರಾತಿ ಹಾಕಿದ ಮೇಲೆ 12–15 ನಿಮಿಷ. ಅದಕ್ಕೆ ಪಾಲಿಕೆಯ ಆರೋಗ್ಯ ನಿರೀಕ್ಷಕರನ್ನು ಒಪ್ಪಿಸಿ; ನಿಮ್ಮ ಶ್ರಮ ಹೆಚ್ಚು ಬೇಕಿರುವುದು ಅಲ್ಲಿ. ಇನ್ನು ಜಾಗ. ದೇವಸ್ಥಾನದ ಭವನಕ್ಕೆ ಕಾಲಿಡಲು ಹಿಂಜರಿಯುವವರು ಈ ಕೆಲಸದಲ್ಲಿ ಎಷ್ಟು ಜನರಿದ್ದಾರೆ, ಏಕೆ ಹಿಂಜರಿಯುತ್ತಾರೆ ಎಂಬುದನ್ನು ನಾವು ಬಿಡಿಸಿ ಹೇಳಬೇಕಿಲ್ಲ. ವಾರ್ಡ್ ಕಚೇರಿಯ ಅಂಗಳ, ಅಂಗನವಾಡಿ, ಸಮುದಾಯ ಭವನ ಯಾವುದಾದರೂ ಆದೀತು. ಓಂಕಾರ, ಪ್ರಾರ್ಥನೆ ಬೇಕಿದ್ದವರು ಮನೆಯಲ್ಲಿ ಮಾಡಿಕೊಳ್ಳಲಿ, ತರಗತಿಗೆ ಅವು ಕಡ್ಡಾಯವಲ್ಲ.

ಇವರಿಗೆ ಸೂರ್ಯ ನಮಸ್ಕಾರದಿಂದ ಶುರುಮಾಡಿಸಬೇಡಿ. ಗಂಟೆಗಟ್ಟಲೆ ಮುಂದಕ್ಕೆ ಬಾಗಿ, ಒಂದೇ ಕಡೆಗೆ ತಿರುಗಿ ಪೊರಕೆ ಬೀಸಿದ ನಡುವಿಗೆ ಮತ್ತೆ ಮುಂದಕ್ಕೆ ಬಾಗುವ ಆಸನ ಕೊಟ್ಟರೆ ನೋವು ಹೆಚ್ಚುತ್ತದೆ. ಸೊಂಟದ ಮೇಲೆ ಅಂಗೈ ಇಟ್ಟು ನಿಂತಲ್ಲೇ ತುಸು ಹಿಂದಕ್ಕೆ ಬಾಗುವುದು 5 ಸಲ, ಪ್ರತಿ ಸಲ 2 ಉಸಿರು. ಗೋಡೆಗೆ ಮುಂಗೈ ಒತ್ತಿ ಎದೆ ತೆರೆಯುವುದು, ಎಡ ಬಲ 30 ಸೆಕೆಂಡು. ದಿನಾ ತಿರುಗುವ ದಿಕ್ಕಿಗೆ ವಿರುದ್ಧವಾಗಿ ಮೆಲ್ಲಗೆ ತಿರುಗುವುದು 5 ಸಲ. ಮಣಿಕಟ್ಟು ಮೇಲೆ ಕೆಳಗೆ, ಬೆರಳು ಅಗಲಿಸಿ ಮುಚ್ಚುವುದು 10 ಸಲ. ಮೀನಖಂಡ ಹಿಗ್ಗಿಸಲು ಗೋಡೆ ಹಿಡಿದು ಒಂದು ಕಾಲು ಹಿಂದಿಟ್ಟು ಹಿಮ್ಮಡಿ ಒತ್ತುವುದು. ಎಲ್ಲವೂ ಸೀರೆಯಲ್ಲಿ, ಚಪ್ಪಲಿ ಬಿಡದೆ, ಚಾಪೆಯಿಲ್ಲದೆ ಆಗುವಂಥವು. ಕೊನೆಯಲ್ಲಿ ಕಲಿಸಬೇಕಾದದ್ದು ಕಸದ ಬುಟ್ಟಿ ಎತ್ತುವ ಬಗೆ: ಬುಟ್ಟಿ ಮೈಗೆ ಹತ್ತಿರ, ಮಂಡಿ ಮಡಿಸಿ, ಉಸಿರು ಬಿಡುತ್ತ ಮೇಲಕ್ಕೆ. ಉದ್ದ ಹಿಡಿಯ ಪೊರಕೆ ಕೊಡಿಸಲು ಸಾಧ್ಯವಾದರೆ ಅದು ನಮ್ಮ ಎಲ್ಲ ಆಸನಗಳಿಗಿಂತ ದೊಡ್ಡ ಉಪಕಾರ.

ಬಹಳ ಜನ ಬರೀ ಚಹಾ ಕುಡಿದು ಬಂದಿರುತ್ತಾರೆ. ಖಾಲಿ ಹೊಟ್ಟೆ, ಮೇಲೆ ರಕ್ತಹೀನತೆ. ಪ್ರಾಣಾಯಾಮ ಮಾಡಿಸಿದರೆ ತಲೆ ಸುತ್ತುತ್ತದೆ. ಎರಡು ಬಾಳೆಹಣ್ಣು ಕೊಟ್ಟು ಅರ್ಧ ಗಂಟೆ ಬಿಟ್ಟು ಶುರುಮಾಡಿ. ಹತ್ತು ಹೆಜ್ಜೆಗೆ ಏದುಸಿರು ಬರುವವರ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಗರ್ಭಿಣಿಯಲ್ಲದ ಮಹಿಳೆಗೆ ಡೆಸಿಲೀಟರ್ ರಕ್ತಕ್ಕೆ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಕಸ ವಿಂಗಡಿಸುವ ಜಾಗದಲ್ಲಿ ಉಸಿರಾಟದ ಅಭ್ಯಾಸ ಬೇಡವೇ ಬೇಡ, ಅಲ್ಲಿನ ದೂಳನ್ನು ಇನ್ನಷ್ಟು ಆಳಕ್ಕೆ ಎಳೆದುಕೊಂಡಂತಾಗುತ್ತದೆ. ಫೋಟೊ ತೆಗೆದು ಹಂಚಬೇಡಿ. ಎರಡು ತಿಂಗಳಲ್ಲಿ ಅವರಲ್ಲೇ ಒಬ್ಬರಿಗೆ ಹೇಳಿಕೊಡುವುದನ್ನು ಕಲಿಸಿ, ಆಕೆಗೆ ಗೌರವಧನ ಕೊಡಿ.

ವಾರಕ್ಕೊಂದೇ ದಿನ ಸಾಧ್ಯವಾದರೂ ಕೈಬಿಡಬೇಡಿ. ಬಾಸ್ಟನ್ ನಗರದ ಬಡ ಬಡಾವಣೆಗಳ 95 ಜನರಲ್ಲಿ, ಬೆನ್ನುನೋವಿಗೆ ವಾರಕ್ಕೊಂದು ತರಗತಿ ಮತ್ತು ವಾರಕ್ಕೆರಡು ತರಗತಿಯನ್ನು 12 ವಾರ ಹೋಲಿಸಿ ನೋಡಿದ್ದಾರೆ. ಫಲ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಅಲ್ಲಿಯೇ 320 ಜನರ ಇನ್ನೊಂದು ಅಧ್ಯಯನ 2017ರಲ್ಲಿ ಪ್ರಕಟವಾಯಿತು. ವಾರಕ್ಕೊಮ್ಮೆಯ ಯೋಗ ಫಿಸಿಯೋಥೆರಪಿಗೆ ಕಡಿಮೆಯೇನಲ್ಲ ಎಂದು ಅದರಲ್ಲಿ ಕಂಡಿತು. ಅಷ್ಟು ದುಬಾರಿ ದೇಶದಲ್ಲಿ ಕೈಯಲ್ಲಿ ಕಾಸಿಲ್ಲದವರಿಗೆ ಇದೆಷ್ಟು ಮುಖ್ಯ ಎಂಬುದನ್ನು ಊಹಿಸಬಹುದು.

ನೆರೆ, ಭೂಕುಸಿತದ ಪರಿಹಾರ ಶಿಬಿರಗಳಲ್ಲಿ ಯೋಗ ಮಾಡಿಸಬಹುದೇ? – ಮಡಿಕೇರಿ

ಮೊದಲ ದಿನಗಳಲ್ಲಿ ಬೇಡ. ಆಗ ಬೇಕಿರುವುದು ಊಟ, ಒಣ ಬಟ್ಟೆ, ಶೌಚಾಲಯ, ಮನೆಯವರು ಎಲ್ಲಿದ್ದಾರೆಂಬ ಸುದ್ದಿ. ಅವೆಲ್ಲ ಒಂದು ಹದಕ್ಕೆ ಬಂದ ಮೇಲೆ ಮಾಡಿಸಬಹುದು. 2004ರ ಸುನಾಮಿಯ ನಂತರ ಬೆಂಗಳೂರಿನ ವಿವೇಕಾನಂದ ಯೋಗ ಸಂಶೋಧನಾ ಪ್ರತಿಷ್ಠಾನದವರು ಅಂಡಮಾನ್ ಶಿಬಿರಗಳ 47 ಜನರಿಗೆ ಒಂದು ವಾರ ಯೋಗ ಹೇಳಿಕೊಟ್ಟರು. ಭಯ, ಆತಂಕ, ದುಃಖ, ನಿದ್ದೆಯ ತೊಂದರೆ ಕಡಿಮೆಯಾಯಿತೆಂದು ಅವರೇ ಹೇಳಿಕೊಂಡರು. ಹೋಲಿಕೆಗೆ ಬೇರೆ ಗುಂಪಿರಲಿಲ್ಲ, ಆದ್ದರಿಂದ ಯೋಗದಿಂದಲೇ ಎಂದು ಸಾಧಿಸಲು ಬಾರದು. ನೀರಿನಲ್ಲಿ ಮುಳುಗಿ ಬದುಕಿದವರಿಗೆ ಉಸಿರು ಕಟ್ಟುವ ಅಭ್ಯಾಸವನ್ನಂತೂ ಕೊಡಲೇಬೇಡಿ.

ನಾನು ಸ್ಯಾನ್ ಆಂಟೋನಿಯೊದಲ್ಲಿದ್ದೇನೆ. ಇಲ್ಲಿನ ಮಾಜಿ ಸೈನಿಕರಿಗೆ ಯೋಗನಿದ್ರೆ ಹೇಳಿಕೊಡಲು ಕರೆದಿದ್ದಾರೆ. ಊರಿನಲ್ಲಿ ಕಲಿತಂತೆ ಸಂಸ್ಕೃತದ ಹೆಸರುಗಳನ್ನೇ ಹೇಳಬಹುದೇ? ಸುದರ್ಶನ ಕ್ರಿಯೆ ಸೇರಿಸಬಹುದೇ? – ಟೆಕ್ಸಸ್

ಹೆಸರು ಒಮ್ಮೆ ಹೇಳಿ, ಉಳಿದದ್ದೆಲ್ಲ ಸರಳ ಇಂಗ್ಲಿಷಿನಲ್ಲಿರಲಿ. ಅಲ್ಲಿನವರಿಗೆ ಯೋಗನಿದ್ರೆ ಹೊಸದೇನಲ್ಲ. ಬಿಹಾರದ ಮುಂಗೇರ್‌ನ ಸ್ವಾಮಿ ಸತ್ಯಾನಂದ ಸರಸ್ವತಿ ರೂಪಿಸಿದ ಯೋಗನಿದ್ರೆಯ ಪ್ರಭಾವದಲ್ಲಿ ಬೆಳೆದ ಐರೆಸ್ಟ್ ಎಂಬ ಕ್ರಮವನ್ನು ಮನಶ್ಶಾಸ್ತ್ರಜ್ಞ ರಿಚರ್ಡ್ ಮಿಲ್ಲರ್ ಕಟ್ಟಿದರು. ವಾಷಿಂಗ್ಟನ್‌ನ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ 2006ರಲ್ಲೇ ಸೈನಿಕರ ಮೇಲೆ ಅದರ ಪ್ರಯೋಗ ನಡೆಯಿತು. 2017ರಿಂದ ಅಮೆರಿಕದ ಮಾಜಿ ಸೈನಿಕರ ಆರೋಗ್ಯ ಇಲಾಖೆ ಯೋಗವನ್ನು ತನ್ನ ಸೇವೆಗಳ ಪಟ್ಟಿಯಲ್ಲಿಟ್ಟಿದೆ. ಆ ಕ್ರಮದ ಒಂದು ಅಂಶ ನೀವೂ ಬಳಸಿ: ದೇಹದ ಭಾಗಗಳನ್ನು ಸುತ್ತುವ ಮೊದಲು, ತನಗೆ ನೆಮ್ಮದಿ ಕೊಡುವ ಒಂದು ಜಾಗವನ್ನೋ ವ್ಯಕ್ತಿಯನ್ನೋ ಪ್ರತಿಯೊಬ್ಬರೂ ಮನಸ್ಸಿನಲ್ಲಿ ಆರಿಸಿಕೊಳ್ಳಲಿ, ನಡುವೆ ಕಸಿವಿಸಿಯಾದರೆ ಅಲ್ಲಿಗೆ ಮರಳಲಿ. 35 ನಿಮಿಷದ ಧ್ವನಿಮುದ್ರಣ ಹಾಕಬೇಡಿ, 12 ನಿಮಿಷ ನೀವೇ ಹೇಳಿ. ಮಾತಿನ ನಡುವೆ 10 ಸೆಕೆಂಡಿಗಿಂತ ಉದ್ದದ ಮೌನ ಬೇಡ, ನಿಮ್ಮ ದನಿಯೇ ಅವರಿಗೆ ಹಿಡಿದುಕೊಳ್ಳುವ ಹಗ್ಗ. ಮರಳುಗಾಡು, ಉರಿಯುವ ದೀಪ, ಆಳದ ಬಾವಿ ಇಂಥ ಚಿತ್ರಗಳನ್ನು ತೆಗೆದುಹಾಕಿ. ಇರಾಕ್, ಅಫ್ಗಾನಿಸ್ತಾನದಿಂದ ಬಂದವರಿಗೆ ಮರಳು ಎಂದರೆ ಏನೆಂದು ನಿಮಗೆ ತಿಳಿಯದು.

ಸುದರ್ಶನ ಕ್ರಿಯೆ ನಮ್ಮ ಬೆಂಗಳೂರಿನ ಆರ್ಟ್ ಆಫ್ ಲಿವಿಂಗ್ ಸಂಸ್ಥೆ ಕಲಿಸುವ ಉಸಿರಾಟದ ಕ್ರಮವೇ ಆದರೂ ನೀವಾಗಿ ಸೇರಿಸಬೇಡಿ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ಅದನ್ನು ಆಧರಿಸಿದ ಒಂದು ವಾರದ ತರಬೇತಿಯನ್ನು 21 ಮಾಜಿ ಸೈನಿಕರಲ್ಲಿ ಪರೀಕ್ಷಿಸಿ 2014ರಲ್ಲಿ ಒಳ್ಳೆಯ ಫಲಿತಾಂಶ ಪ್ರಕಟಿಸಿದ್ದಾರೆ. ಆದರೆ ಅದರಲ್ಲಿ ವೇಗದ ಉಸಿರಾಟದ ಹಂತವಿದೆ. ಅದಕ್ಕೆಂದೇ ತರಬೇತಾದವರು ಬೇಕು; ಫಿಟ್ಸ್, ಬೈಪೋಲಾರ್, ಸೈಕೋಸಿಸ್ ಇರುವವರಿಗೆ ಸಲ್ಲದು.

ನಾನು ತೋಪುಪಡೆಯಲ್ಲಿದ್ದವನು. ಕಿವಿಯಲ್ಲಿ ಸದಾ ಗುಂಯ್ ಸದ್ದು. ಭ್ರಾಮರಿ ಮಾಡಿದರೆ ಹೋಗುತ್ತದೆ ಎನ್ನುತ್ತಾರೆ, ನಿಜವೇ? – ಕಾರವಾರ

ತೋಪಿನ ಸದ್ದಿಗೆ ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಸತ್ತಿದ್ದರೆ ಅವು ಮರಳಿ ಹುಟ್ಟುವುದಿಲ್ಲ, ಯಾವ ಪ್ರಾಣಾಯಾಮದಿಂದಲೂ. ಆದರೆ ಆ ಸದ್ದಿನಿಂದಾಗುವ ಕಿರಿಕಿರಿ, ನಿದ್ದೆಗೇಡು ಕಡಿಮೆಯಾಗಬಹುದು. ಕಿವಿಗೆ ಬೆರಳಿಡದೆ, ತುಟಿ ಮುಚ್ಚಿ ಹಲ್ಲು ಬಿಡಿಸಿ, ಮೆಲ್ಲಗೆ 5 ಸಲ ಝೇಂಕರಿಸಿ ನೋಡಿ. ಕಿವಿ ಮುಚ್ಚಿದರೆ ಹೊರಗಿನ ಸದ್ದು ನಿಂತು ಒಳಗಿನದು ಇನ್ನೂ ಜೋರಾಗಿ ಕೇಳುತ್ತದೆ. ಒಂದೇ ಕಿವಿಯಲ್ಲಿ ಸದ್ದಿದ್ದರೆ, ನಾಡಿಯ ಬಡಿತದ ಜೊತೆ ಹೆಜ್ಜೆ ಹಾಕುತ್ತಿದ್ದರೆ, ತಲೆಸುತ್ತು ಜೊತೆಗಿದ್ದರೆ ಭ್ರಾಮರಿಗೆ ಮುಂಚೆ ಕಿವಿ ವೈದ್ಯರಲ್ಲಿ ಆಡಿಯೋಗ್ರಾಂ (ಶ್ರವಣ ಪರೀಕ್ಷೆ) ಮಾಡಿಸಿಕೊಳ್ಳಿ.